ಒಂದು ವಚನ ಸಾಕಾಗಲ್ಲ, ಇಡೀ ಪತ್ರ ಓದಿ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಂದು ತಟ್ಟೆ ಸುತ್ತಿಬರುತ್ತದೆ. ಅದರ ತುಂಬಾ ಸಣ್ಣ ಸಣ್ಣ ಕಾರ್ಡುಗಳು, ಒಂದೊಂದರ ಮೇಲೂ ಒಂದು ವಾಗ್ದಾನದ ವಚನ. ಪ್ರಾರ್ಥನೆ ಮಾಡಿ ಒಂದನ್ನು ಎತ್ತಿಕೊಳ್ಳಬೇಕು. ಒಂದು ವರ್ಷ ನನ್ನ ಕೈಗೆ ಬಂದದ್ದು ಯೆರೆಮೀಯ 29:11, ಅಂದರೆ ಬೈಬಲಿನ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯದ 11ನೇ ವಚನ. "ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ" ಅಂತ ಇರುವ ವಚನ. ಆಗ ನಾನು ಕೆಲಸಕ್ಕಾಗಿ ಅಲೆಯುತ್ತಿದ್ದೆ. ಆ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು, ಪ್ರತಿ ಇಂಟರ್‌ವ್ಯೂಗೆ ಮುಂಚೆ ತೆಗೆದು ಓದಿ ಒಳಗೆ ಹೋಗುತ್ತಿದ್ದೆ. ಜೂನ್ ಹೊತ್ತಿಗೆ ಕಾರ್ಡಿನ ಅಂಚು ಸವೆದುಹೋಗಿತ್ತು, ಕೆಲಸ ಮಾತ್ರ ಸಿಕ್ಕಿರಲಿಲ್ಲ. ದೇವರ ಮೇಲೆಯೇ ಬೇಜಾರಾಯಿತು.

ಮನೆಯಲ್ಲಿ ಅಜ್ಜಿಯ ಹತ್ತಿರ ಹೇಳಿಕೊಂಡೆ. ಅವರು ಸಮಾಧಾನ ಹೇಳಲಿಲ್ಲ. "ಮಗಾ, ಅದರ ಹಿಂದು ಮುಂದು ಓದಿದ್ಯಾ?" ಅಂತ ಕೇಳಿದರು. ಓದಿರಲಿಲ್ಲ. ಅವರದೇ ದಪ್ಪ ಅಕ್ಷರದ ಸತ್ಯವೇದ (ಬೈಬಲ್) ತೆಗೆದು 29ನೇ ಅಧ್ಯಾಯ ಮೊದಲಿಂದ ಓದಿಸಿದರು. ಅದು ಒಂದು ಪತ್ರ. ಯೆರೂಸಲೇಮಿನಲ್ಲಿದ್ದ ಪ್ರವಾದಿ ಯೆರೆಮೀಯ, ಬಾಬೆಲಿಗೆ ಸೆರೆಯಾಗಿ ಹೋದ ಜನಕ್ಕೆ ಬರೆದ ಪತ್ರ. ಊರು ಬಿಟ್ಟುಹೋದವರು ನಾಳೆ ನಾಡಿದ್ದು ವಾಪಸ್ ಬರುತ್ತೇವೆ ಅಂತ ಕಾಯುತ್ತಿದ್ದಾರೆ. ಯೆರೆಮೀಯ ಹೇಳುವುದು ಬೇರೆಯೇ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಊರಿನ ಒಳ್ಳೆಯದಕ್ಕಾಗಿ ಪ್ರಾರ್ಥನೆ ಮಾಡಿ. ಯಾಕೆಂದರೆ 70 ವರ್ಷ ಆಗಬೇಕು. ನನ್ನ ಕಾರ್ಡಿನ ವಚನ ಇದರ ನಂತರ ಬರುತ್ತದೆ. ಅಂದರೆ ಆ ಮಾತನ್ನು ಮೊದಲು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಅಲ್ಲೇ ಬಾಬೆಲಿನಲ್ಲೇ ಸತ್ತಿರಬೇಕು, ಆದರೂ ದೇವರು ಅವರಿಗೆ ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಒಳ್ಳೆಯದೇ ಅಂತ ಹೇಳುತ್ತಿದ್ದಾನೆ.

ಅವತ್ತು ಆ ವಚನ ನನಗೆ ಚಿಕ್ಕದಾಗಲಿಲ್ಲ, ದೊಡ್ಡದಾಯಿತು. ಇಂಟರ್‌ವ್ಯೂಗೆ ಕಟ್ಟಿಕೊಳ್ಳುವ ತಾಯಿತದ ಹಾಗೆ ಅದನ್ನು ಇಟ್ಟುಕೊಂಡಿದ್ದೆ. ಅದು ಅದಕ್ಕಲ್ಲ, ಕಾಯುವ ವರ್ಷಗಳಲ್ಲೂ ಬದುಕುವುದು ಹೇಗೆ ಅಂತ ಹೇಳುವ ಮಾತು. ಅದಕ್ಕೇ ಬೈಬಲ್ ಓದೋದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಒಂದು ವಚನ ಅಲ್ಲ, ಇಡೀ ಪತ್ರ ಓದಿ. ಬೆಳಗ್ಗೆ ವಾಟ್ಸಾಪಿನಲ್ಲಿ ಹೂವಿನ ಚಿತ್ರದ ಮೇಲೆ ಬರುವ ವಚನ ತಪ್ಪಲ್ಲ, ಆದರೆ ಅದು ಊಟ ಅಲ್ಲ, ಊಟದ ವಾಸನೆ.

ಇನ್ನೊಂದು ವಿಷಯ ತಿಳಿದರೆ ಇದು ಸುಲಭವಾಗುತ್ತದೆ. ಯೇಸುವಿನ ಅಪೊಸ್ತಲ ಪೌಲ ಸಭೆಗಳಿಗೆ ಪತ್ರ ಬರೆಯುವಾಗ ಅಧ್ಯಾಯ, ವಚನ ಅಂತ ಸಂಖ್ಯೆ ಹಾಕಿರಲಿಲ್ಲ. ಈಗಿನ ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ನಾವು ಈಗ ಬಳಸುವ ವಚನದ ಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಫ್ರೆಂಚ್ ಮುದ್ರಕ 1551ರಲ್ಲಿ ಹಾಕಿದ. ಹುಡುಕೋಕೆ ಅನುಕೂಲ ಆಗಲಿ ಅಂತ ಮಾಡಿದ ಗುರುತು ಅದು, ಅಲ್ಲೇ ನಿಲ್ಲಿ ಅಂತ ಅಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡೋದು? ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದಿಂದ ಮಾಡಿ. ನಾಲ್ಕೇ ಅಧ್ಯಾಯ, 104 ವಚನ. ಜೋರಾಗಿ ಓದಿದರೂ ಇಪ್ಪತ್ತು ನಿಮಿಷ ಸಾಕು. ಒಂದೇ ಸಲ ಕೂತು, ಮಧ್ಯೆ ಏಳದೆ ಓದಿ, ಊರಿಂದ ಬಂದ ಕಾಗದ ಓದುವ ಹಾಗೆ. ಬರೆದವನು ಬೇಡಿಯಲ್ಲಿದ್ದಾನೆ ಅನ್ನೋದು ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಆ ಸಭೆಯವರು ಪೌಲನ ಹತ್ತಿರ ಕಳಿಸಿದ್ದ ಎಪಫ್ರೊದೀತನಿಗೆ ಕಾಯಿಲೆ ಜಾಸ್ತಿಯಾಗಿ ಸಾಯುವ ಹಾಗಿದ್ದದ್ದು, ಆ ಸುದ್ದಿ ಊರಿಗೆ ಮುಟ್ಟಿದ್ದಕ್ಕೆ ಅವನೇ ಪೇಚಾಡಿಕೊಂಡದ್ದು ಎರಡನೇ ಅಧ್ಯಾಯದಲ್ಲಿ ಬರುತ್ತದೆ. ಕೊನೆಯ ಅಧ್ಯಾಯದಲ್ಲಿ ಸಭೆಯ ಇಬ್ಬರು ಹೆಂಗಸರಿಗೆ, ಹೆಸರು ಹಿಡಿದು, ಒಂದಾಗಿರಿ ಅಂತ ಬೇಡಿಕೊಳ್ಳುತ್ತಾನೆ. ಇಷ್ಟು ಓದಿಕೊಂಡು ಬಂದ ಮೇಲೆ ನಾವೆಲ್ಲ ಬಾಯಿಪಾಠ ಮಾಡಿರುವ 4:13 ಬರುತ್ತದೆ, "ಎಲ್ಲಕ್ಕೂ ಶಕ್ತನಾಗಿದ್ದೇನೆ" ಅಂತ. ಅದರ ಮೇಲಿನ ವಚನ ನೋಡಿ. ಹೊಟ್ಟೆ ತುಂಬಿರುವುದೂ ಗೊತ್ತು, ಹಸಿದಿರುವುದೂ ಗೊತ್ತು ಅಂತ ಇದೆ. ಪರೀಕ್ಷೆಯಲ್ಲಿ ರ‍್ಯಾಂಕ್ ಬರುವ ಶಕ್ತಿಯ ಮಾತಲ್ಲ ಅದು. ಊಟ ಇಲ್ಲದ ದಿನವೂ ಕುಗ್ಗದೆ ಇರುವ ಶಕ್ತಿ.

ಇದಾದ ಮೇಲೆ ಮಾರ್ಕನ ಸುವಾರ್ತೆ, ಯೇಸುವಿನ ಬದುಕಿನ ಕಥೆ. 16 ಅಧ್ಯಾಯ. ಆದರೆ ಎರಡು ಸಂಜೆಯಲ್ಲಿ ಮುಗಿಸಿ, ದಿನಕ್ಕೊಂದು ಅಂತ ಎಳೆಯಬೇಡಿ. ಮಾರ್ಕ ಅವಸರದ ಮನುಷ್ಯ, ಕೂಡಲೇ ಹೀಗಾಯಿತು, ಕೂಡಲೇ ಅಲ್ಲಿಗೆ ಹೋದ ಅಂತ ಓಡುತ್ತಲೇ ಇರುತ್ತಾನೆ. ಜೊತೆಗೆ ಅವನ ಕಣ್ಣು ಚುರುಕು. ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ಗುವಾಗ ಯೇಸು ನಿದ್ದೆ ಮಾಡುತ್ತಿದ್ದ ಅಂತ ಮತ್ತಾಯನೂ ಲೂಕನೂ ಹೇಳುತ್ತಾರೆ. ದೋಣಿಯ ಹಿಂಭಾಗದಲ್ಲಿ, ತಲೆದಿಂಬಿನ ಮೇಲೆ ಮಲಗಿದ್ದ ಅಂತ ಹೇಳೋದು ಮಾರ್ಕ ಒಬ್ಬನೇ. ಐದು ಸಾವಿರ ಜನಕ್ಕೆ ಊಟ ಕೊಟ್ಟಾಗ ಕೂರಿಸಿದ್ದು ಹಸುರು ಹುಲ್ಲಿನ ಮೇಲೆ ಅಂತ ಹೇಳೋದೂ ಅವನೇ. ಇಂಥ ಕಡೆ ಎರಡು ಕ್ಷಣ ನಿಲ್ಲಿ. ದಿಂಬು ಕಾಣಿಸಿದರೆ ದೋಣಿ ಕಾಣಿಸುತ್ತದೆ, ದೋಣಿ ಕಾಣಿಸಿದರೆ ಹಗಲೆಲ್ಲ ಜನರ ಮಧ್ಯೆ ಮಾತಾಡಿ ಸುಸ್ತಾಗಿ ಮಲಗಿದ ಯೇಸು ಕಾಣಿಸುತ್ತಾನೆ.

ಜನವರಿ 1ರಿಂದ ಆದಿಕಾಂಡ ಹಿಡಿದು ಇಡೀ ಬೈಬಲ್ ಮುಗಿಸುತ್ತೇನೆ ಅಂತ ಹೊರಡುವವರ ಬಗ್ಗೆ ಒಂದು ಮಾತು. ಪ್ರಾಟೆಸ್ಟಂಟ್ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯ. ವರ್ಷದಲ್ಲಿ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಓದಬೇಕು. (ಕ್ಯಾಥೋಲಿಕ್ ಬೈಬಲಿನಲ್ಲಿ 73 ಪುಸ್ತಕ, ಅಲ್ಲಿ ಲೆಕ್ಕ ಇನ್ನೂ ಜಾಸ್ತಿ.) ಈ ವೇಗದಲ್ಲಿ ಹೋದರೆ ಯೋಸೇಫನ ಕಥೆ ಮುಗಿದು, ಕೆಂಪು ಸಮುದ್ರ ದಾಟಿ, ಜನವರಿ ಕೊನೆಯ ಹೊತ್ತಿಗೆ ಯಾಜಕಕಾಂಡಕ್ಕೆ ಬಂದಿರುತ್ತೀರಿ. ತುಂಬಾ ಜನ ನಿಲ್ಲೋದು ಅಲ್ಲೇ. ಬಲಿಗಳ ಕ್ರಮ, ಕುಷ್ಠದ ಪರೀಕ್ಷೆ, ಯಾವುದು ಶುದ್ಧ ಯಾವುದು ಅಶುದ್ಧ ಅಂತ ಓದುತ್ತಾ ಓದುತ್ತಾ ಒಂದು ದಿನ ತಪ್ಪುತ್ತದೆ, ಮಾರನೆ ದಿನ ಆರು ಅಧ್ಯಾಯ ಬಾಕಿ, ಅದರ ಮಾರನೆ ದಿನ ಒಂಬತ್ತು, ಆಮೇಲೆ ಬೈಬಲ್ ನೋಡಿದರೆ ಸಾಲ ಕೊಟ್ಟವನನ್ನು ನೋಡಿದ ಹಾಗೆ ಆಗುತ್ತದೆ. ನನಗೂ ಮೂರು ವರ್ಷ ಹೀಗೇ ಆಯಿತು.

ಅದಕ್ಕೆ ಬೇರೆ ದಾರಿ ಇದೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಓದಿದರೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ. ಶನಿವಾರ ಬಿಟ್ಟುಹೋದದ್ದನ್ನು ಓದಿ. ಇದರ ಜೊತೆಗೆ ರಾತ್ರಿ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. ಹಳೇ ಒಡಂಬಡಿಕೆಗೆ ಮುಂದಿನ ವರ್ಷ ಬನ್ನಿ, ಆಗ ರೂತಳು, ಯೋನ ಇಂಥ ನಾಲ್ಕು ಅಧ್ಯಾಯದ ಪುಸ್ತಕಗಳಿಂದ ಶುರು ಮಾಡಿ. ಇಬ್ರಿಯರಿಗೆ ಬರೆದ ಪತ್ರ ಓದಿ ಆದ ಮೇಲೆ ಯಾಜಕಕಾಂಡಕ್ಕೆ ಹೋದರೆ ಅದೇ ಯಾಜಕಕಾಂಡ ಬೇರೆ ಥರ ಕಾಣುತ್ತದೆ, ಆ ರಕ್ತ, ಆ ಪರದೆ, ಆ ಮಹಾಯಾಜಕ ಎಲ್ಲಾ ಯಾಕೆ ಅಂತ ತಿಳಿಯುತ್ತದೆ. ಇನ್ನು, ಒಂದು ದಿನ ತಪ್ಪಿದರೆ ಮಾರನೆ ದಿನ ಡಬಲ್ ಓದಬೇಡಿ. ಬಿಟ್ಟಲ್ಲಿಂದ ಮುಂದಕ್ಕೆ ಹೋಗಿ, ಅಷ್ಟೇ.

ಯಾವ ಭಾಷೆಯಲ್ಲಿ ಓದೋದು? ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಕ್ಕಳು ಇಂಗ್ಲಿಷ್ ಬೈಬಲ್ ಇಟ್ಟುಕೊಳ್ಳುತ್ತಾರೆ, ಅದೂ ಒಳ್ಳೆಯದೇ. ಆದರೆ ಮನೆಯಲ್ಲಿ ಕನ್ನಡ ಆಡುವವರು ಕನ್ನಡದಲ್ಲೂ ಓದಲೇಬೇಕು ಅನ್ನೋದು ನನ್ನ ಹಠ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದುಡಿದು, 1831ರ ಹೊತ್ತಿಗೆ ಪೂರ್ತಿ ಬೈಬಲನ್ನು ಕನ್ನಡಕ್ಕೆ ತಂದರು. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನವರೂ ಸೇರಿ ಎಷ್ಟೋ ಜನ ತಿದ್ದಿದರು. ನಮ್ಮ ಕೈಗೆ ಸುಮ್ನೆ ಬಂದದ್ದಲ್ಲ ಅದು.

23ನೇ ಕೀರ್ತನೆ ತೆಗೆದುಕೊಳ್ಳಿ. ಹಳೆಯ ಅನುವಾದದಲ್ಲಿ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತಿದೆ. ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡುವಾಗ ನಾನು ಕೊರತೆಪಡೆನು ಅಂದರೆ ಕೊರತೆ ಪಡುತ್ತೇನೆ ಅಂತಲೇ ತಿಳಿದಿದ್ದೆ. ದೇವರು ಕುರುಬ ಆದರೆ ನನಗೆ ಯಾಕೆ ಕೊರತೆ ಅಂತ ಟೀಚರ್ ಹತ್ತಿರ ಕೇಳೋಕೂ ಭಯ. ಅಜ್ಜಿ ಬಿಡಿಸಿ ಹೇಳಿದರು. ಪಡೆನು ಅಂದರೆ ಪಡುವುದಿಲ್ಲ, ಹೆದರೆನು ಅಂದರೆ ಹೆದರುವುದಿಲ್ಲ, ಹಳೇ ಕಾಲದವರ ಮಾತು ಅದು ಅಂತ. ಆಗಿನಿಂದ ಆ ಒಂದು ಪದ ನನಗೆ ಎಷ್ಟು ಇಷ್ಟ ಅಂದರೆ, ಹೊಸ ಅನುವಾದದಲ್ಲಿ ಅದು ಕಾಣದೆ ಹೋದರೆ ಏನೋ ಕಳೆದ ಹಾಗೆ ಆಗುತ್ತದೆ. ಅದೇ ಕೀರ್ತನೆಯಲ್ಲಿ ದೊಣ್ಣೆ ಬರುತ್ತದೆ, ಕೋಲು ಬರುತ್ತದೆ. ಶಿರಾ, ಹಿರಿಯೂರಿನ ಕಡೆ ಬಸ್ಸಿನಲ್ಲಿ ಹೋದವರು ನೋಡಿರುತ್ತೀರಿ, ಕುರಿ ಮಂದೆ ರಸ್ತೆ ದಾಟುವಾಗ ಹೆಗಲ ಮೇಲೆ ಕಂಬಳಿ ಹಾಕಿಕೊಂಡವನು ಮುಂದೆ ನಿಂತು ಲಾರಿಗಳನ್ನು ತಡೆದಿರುತ್ತಾನೆ, ಕೈಯಲ್ಲಿ ಉದ್ದನೆ ಕೋಲು, ಆಗ ತಾನೇ ಹುಟ್ಟಿದ ಮರಿ ಅವನ ತೋಳಿನಲ್ಲಿ. ಕುರುಬ ಅನ್ನುವ ಪದ ಓದಿದ ಕೂಡಲೇ ಆ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಬೇರೆ ಭಾಷೆಯಲ್ಲಿ ಓದಿದರೆ ನನಗೆ ಅವನು ಬರಲ್ಲ.

ಹಳೆಯ ಅನುವಾದ ಕಷ್ಟ ಅನ್ನುವವರಿಗೆ ಈಗ ಸುಲಭ ಕನ್ನಡದ ಅನುವಾದಗಳೂ ಇವೆ, ಮೊಬೈಲಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ, ಕೇಳುವ ಬೈಬಲ್ ಕೂಡ ಇದೆ. ನಾನು ಮಾಡುವುದು ಹೀಗೆ. ಮೊದಲು ಸುಲಭದ್ದನ್ನು ಓದಿ ವಿಷಯ ತಿಳಿದುಕೊಳ್ಳುತ್ತೇನೆ, ಆಮೇಲೆ ಹಳೆಯದನ್ನು ಜೋರಾಗಿ ಓದುತ್ತೇನೆ. ಕಣ್ಣು ಕಾಣದ ಹಿರಿಯರಿಗೆ, ಓದು ಬಾರದವರಿಗೆ ಕೇಳುವ ಬೈಬಲ್ ಹಾಕಿಕೊಡಿ. ಮೊಬೈಲಿನಲ್ಲೇ ಓದುವವರು ಇಂಟರ್‌ನೆಟ್ ಆಫ್ ಮಾಡಿಟ್ಟು ಓದಿ, ಇಲ್ಲದಿದ್ದರೆ ಎರಡನೇ ವಚನಕ್ಕೇ ಯಾರದ್ದೋ ಮೆಸೇಜ್ ಬಂದಿರುತ್ತದೆ.

ಪೆನ್ಸಿಲ್ ಇಟ್ಟುಕೊಳ್ಳಿ. ಬೈಬಲ್ ಮೇಲೆ ಗೀಚಬಾರದು ಅನ್ನುವವರು ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಬರೆಯಬೇಕಾದ್ದು ಜಾಸ್ತಿ ಇಲ್ಲ. ಈ ಮಾತನ್ನು ಯಾರು, ಯಾರಿಗೆ ಹೇಳುತ್ತಿದ್ದಾರೆ? ಇದಕ್ಕೆ ಮುಂಚೆ ಏನಾಯಿತು? ಇಷ್ಟು ಬರೆದ ಮೇಲೆಯೇ ನನಗೇನು ಹೇಳುತ್ತಿದೆ ಅಂತ ಕೇಳಿಕೊಳ್ಳಿ. ನಾವು ಇದನ್ನೇ ಮೊದಲು ಕೇಳಿಕೊಳ್ಳುತ್ತೇವೆ, ಅದಕ್ಕೇ ದಾರಿ ತಪ್ಪುತ್ತೇವೆ. ಯೋಬನ ಪುಸ್ತಕದಲ್ಲಿ, ಕಷ್ಟದಲ್ಲಿ ಬಿದ್ದ ಯೋಬನಿಗೆ ಅವನ ಗೆಳೆಯರು ಪುಟಗಟ್ಟಲೆ ಉಪದೇಶ ಮಾಡುತ್ತಾರೆ, ಕೇಳೋಕೆ ಚೆನ್ನಾಗಿಯೇ ಇರುತ್ತದೆ. ಕೊನೆಗೆ ದೇವರು, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ ಅವರ ಮೇಲೆ ಸಿಟ್ಟಾಗುತ್ತಾನೆ. ಯಾರ ಮಾತು ಅಂತ ನೋಡದೆ ಆ ಗೆಳೆಯರ ಸಾಲನ್ನು ಎತ್ತಿ ಸಾವಿನ ಮನೆಯಲ್ಲಿ ಹೇಳಿದರೆ ಏನಾಗುತ್ತದೆ ಯೋಚನೆ ಮಾಡಿ.

ಅರ್ಥ ಆಗದ ಕಡೆ, ಮನಸ್ಸಿಗೆ ಒಪ್ಪದ ಕಡೆ ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ಮುಂದೆ ಹೋಗಿ. ನ್ಯಾಯಸ್ಥಾಪಕರ ಪುಸ್ತಕದ ಕೊನೆಯ ಅಧ್ಯಾಯಗಳನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಿಮ್ಮ ನಂಬಿಕೆ ಕಮ್ಮಿ ಅಂತ ಅಲ್ಲ, ಸರಿಯಾಗಿ ಓದಿದ್ದೀರಿ ಅಂತ. ಆ ಪ್ರಶ್ನೆಗಳನ್ನು ಪಾಸ್ಟರ್ ಹತ್ತಿರ, ಫಾದರ್ ಹತ್ತಿರ, ಸಭೆಯ ಹಿರಿಯರ ಹತ್ತಿರ ತೆಗೆದುಕೊಂಡು ಹೋಗಿ. ಬೆರೋಯ ಎಂಬ ಊರಿನವರು ಪೌಲನೇ ಬಂದು ಹೇಳಿದರೂ ಅದು ಹೌದೋ ಅಲ್ವೋ ಅಂತ ದಿನಾ ಶಾಸ್ತ್ರ ತೆಗೆದು ನೋಡಿದರು, ಅದಕ್ಕೆ ಅಪೊಸ್ತಲರ ಕೃತ್ಯಗಳಲ್ಲಿ ಅವರಿಗೆ ಶಹಬ್ಬಾಸ್ ಸಿಕ್ಕಿದೆ. ಇನ್ನು ಮನಸ್ಸು ಪೂರ್ತಿ ಕುಸಿದಿರುವ ದಿನ ಸಂತೋಷದ ಕೀರ್ತನೆ ಹುಡುಕಬೇಡಿ. 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಗೂ ದೇವರು ತನ್ನ ಪುಸ್ತಕದಲ್ಲಿ ಜಾಗ ಕೊಟ್ಟಿದ್ದಾನೆ. ಅಪ್ಪ ತೀರಿಕೊಂಡ ವಾರ ನನಗೆ ಓದೋಕೆ ಆದದ್ದು ಅದೊಂದೇ.

ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇದ್ದರೆ ಮಕ್ಕಳಿಗೂ ಸರದಿಯ ಮೇಲೆ ಓದಲು ಕೊಡಿ. ತಡವರಿಸಲಿ ಬಿಡಿ, ಮಧ್ಯೆ ಬಾಯಿ ಹಾಕಿ ತಿದ್ದಬೇಡಿ. ಹತ್ತು ನಿಮಿಷಕ್ಕೆ ಮುಗಿಸಿ. ಅನ್ನ ಆರುತ್ತಿರುವಾಗ ಅರ್ಧ ಗಂಟೆ ಪ್ರಸಂಗ ಮಾಡಿದರೆ ಮಕ್ಕಳಿಗೆ ಬೈಬಲ್ ಅಂದರೆ ಹಸಿವು ಅಂತ ನೆನಪಾಗುತ್ತದೆ.

ಈಗ ಬೇರೆ ಪುಸ್ತಕಗಳ ವಿಷಯ. ಬೈಬಲ್ ಒಂದೇ ಸಾಕು, ಬೇರೆ ಯಾಕೆ ಅಂತ ಕೇಳುವವರು ನಮ್ಮಲ್ಲಿ ತುಂಬಾ ಇದ್ದಾರೆ. ಅವರಿಗೆ ನಾನು 2 ತಿಮೊಥೆಯ 4:13 ತೋರಿಸುತ್ತೇನೆ. ಪೌಲ ಸೆರೆಯಲ್ಲಿದ್ದಾನೆ, ಸಾವು ಹತ್ತಿರ ಬಂದಿದೆ ಅಂತ ಅವನೇ ಬರೆಯುತ್ತಾನೆ, ಚಳಿಗಾಲವೂ ಬರುತ್ತಿದೆ. ಆಗ ತಿಮೊಥೆಯನಿಗೆ ಹೇಳಿಕಳಿಸುವುದು ಏನು? ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ತಾ, ಪುಸ್ತಕಗಳನ್ನೂ ತಾ, ಮುಖ್ಯವಾಗಿ ಚರ್ಮದ ಕಾಗದಗಳನ್ನು ತಾ. ಅವು ಯಾವ ಪುಸ್ತಕ ಅಂತ ಅಲ್ಲಿ ಬರೆದಿಲ್ಲ. ಆದರೆ ಚಳಿಗೆ ಹೊದೆಯುವ ಬಟ್ಟೆಯ ಜೊತೆಗೇ ಓದೋಕೆ ಪುಸ್ತಕ ಕೇಳಿದ ಆ ಮನುಷ್ಯನನ್ನು ನೆನೆದರೆ ನನಗೆ ಪ್ರತಿ ಸಲವೂ ಕಣ್ಣು ತುಂಬುತ್ತದೆ. ಬಾಬೆಲಿನಲ್ಲಿದ್ದ ದಾನಿಯೇಲನೂ ಹಾಗೇ. ಯೆರೆಮೀಯನ ಆ 70 ವರ್ಷದ ಮಾತು ಅವನಿಗೆ ತಿಳಿದದ್ದು ದರ್ಶನದಿಂದ ಅಲ್ಲ, ಗ್ರಂಥ ಓದಿ. ದಾನಿಯೇಲ 9:2 ನೋಡಿ.

ಒಳ್ಳೆಯ ಪುಸ್ತಕ ಅಂದರೆ ನನಗೆ ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದ ಫಿಲಿಪ್ಪ ನೆನಪಾಗುತ್ತಾನೆ. ಐಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನನ್ನು ಜೋರಾಗಿ ಓದುತ್ತಿದ್ದಾನೆ, ಫಿಲಿಪ್ಪ ಓಡಿಬಂದು, ಓದುತ್ತಿರುವುದು ಅರ್ಥ ಆಗುತ್ತಿದೆಯಾ ಅಂತ ಕೇಳಿ, ಪಕ್ಕದಲ್ಲಿ ಹತ್ತಿ ಕೂತು ವಿವರಿಸಿ, ಕೆಲಸ ಮುಗಿದ ಮೇಲೆ ಹೊರಟುಹೋಗುತ್ತಾನೆ. ಪುಸ್ತಕವೂ ಅಷ್ಟೇ ಮಾಡಬೇಕು. ಓದಿ ಮುಗಿಸಿದಾಗ ನಿಮ್ಮ ಕೈ ಮತ್ತೆ ಬೈಬಲ್ ಕಡೆ ಹೋದರೆ ಅದು ಒಳ್ಳೆಯ ಪುಸ್ತಕ. ಬರೆದವರ ಕಡೆಗೇ, ಅವರ ಮುಂದಿನ ಕೂಟದ ಕಡೆಗೇ, ಕಾಣಿಕೆಯ ಕವರಿನ ಕಡೆಗೇ ಹೋದರೆ ಕೆಳಗಿಡಿ. ಕೊಳ್ಳುವ ಮುಂಚೆ ಒಂದು ಪುಟ ತೆಗೆದು, ಅದರಲ್ಲಿ ಕೊಟ್ಟಿರುವ ಯಾವುದಾದರೂ ವಚನವನ್ನು ಬೈಬಲಿನಲ್ಲಿ ಹಿಂದು ಮುಂದು ಸೇರಿಸಿ ಓದಿ ನೋಡಿ. ಲೇಖಕರು ಆ ವಚನಕ್ಕೆ ನ್ಯಾಯ ಮಾಡಿದ್ದಾರಾ ಇಲ್ವಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಣ ಕೊಟ್ಟರೆ ಹತ್ತರಷ್ಟು ಬರುತ್ತದೆ, ನಂಬಿಕೆ ಇದ್ದರೆ ಮಾತ್ರೆ ಬೇಡ ಅನ್ನುವ ಪುಸ್ತಕ ಎಷ್ಟೇ ಚೆಂದದ ರಟ್ಟಿನಲ್ಲಿ ಬಂದರೂ ಮನೆಗೆ ತರಬೇಡಿ.

ಯಾವುದು ಓದೋದು ಅಂತ ಕೇಳಿದರೆ, ಮೊದಲು ಜಾನ್ ಬನ್ಯನ್ನನ ಯಾತ್ರಿಕನ ಕಥೆ. 1678ರಲ್ಲಿ ಇಂಗ್ಲಿಷಿನಲ್ಲಿ ಬಂತು, ಬರೆದವನು ಪಾತ್ರೆಗಳಿಗೆ ತೇಪೆ ಹಾಕುವ ಕೆಲಸದವನು, ಉಪದೇಶ ಮಾಡಿದ್ದಕ್ಕೆ ವರ್ಷಗಟ್ಟಲೆ ಜೈಲಿನಲ್ಲಿದ್ದವನು. ಬಾಸೆಲ್ ಮಿಷನ್ ಕಾಲದಲ್ಲೇ ಅದು 'ಯಾತ್ರಿಕನ ಸಂಚಾರ' ಅಂತ ಕನ್ನಡಕ್ಕೆ ಬಂದಿತ್ತು. ಬೆನ್ನ ಮೇಲೆ ಹೊರೆ ಹೊತ್ತುಕೊಂಡು ಊರು ಬಿಟ್ಟು ಹೊರಡುವ ಮನುಷ್ಯನ ಕಥೆ ಅದು, ಹತ್ತು ವರ್ಷದ ಮಕ್ಕಳಿಗೂ ಹಿಡಿಸುತ್ತದೆ.

ಆಮೇಲೆ ಜೀವನಚರಿತ್ರೆಗಳು. ಪಂಡಿತಾ ರಮಾಬಾಯಿಯವರದ್ದನ್ನು ಓದಲೇಬೇಕು. 1858ರಲ್ಲಿ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳಿಗೆ ಅಕ್ಷರವೇ ಸಿಗದ ಕಾಲದಲ್ಲಿ ತಾಯಿಯ ಹತ್ತಿರ ಸಂಸ್ಕೃತ ಕಲಿತರು. ಗಂಡನ ಮನೆಯಲ್ಲಿದ್ದ ಬಂಗಾಳಿ ಲೂಕನ ಸುವಾರ್ತೆ ಕೈಗೆ ಸಿಕ್ಕಿ ಓದಿದರು. ಮುಂದೆ ಹೀಬ್ರೂ, ಗ್ರೀಕ್ ಕಲಿತು, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ನೂರಾರು ಹೆಂಗಸರಿಗೆ ನೆಲೆ ಕೊಟ್ಟುಕೊಂಡೇ, ಇಡೀ ಬೈಬಲನ್ನು ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ಆ ಕೆಲಸ ಮುಗಿಯಿತು.

ಕ್ರೈಸ್ತ ಪುಸ್ತಕ ಮಾತ್ರ ಓದಬೇಕಾ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಪೌಲ ಅಥೇನೆಯಲ್ಲಿ ಮಾತಾಡುವಾಗ ಗ್ರೀಕ್ ಕವಿಗಳ ಸಾಲು ಹೇಳಿದ, ಅಂದರೆ ಅವನಿಗೆ ಅದು ಗೊತ್ತಿತ್ತು. ಸುವಾರ್ತೆ ಸಾರೋಕೆ ಬಂದ ಕಿಟೆಲ್ ಹಳಗನ್ನಡಕ್ಕೆ ಇಳಿದು, ನಾಗವರ್ಮನ ಛಂದಸ್ಸಿನ ಪುಸ್ತಕವನ್ನು 1875ರಲ್ಲಿ ಅಚ್ಚು ಹಾಕಿಸಿ, 1894ರಲ್ಲಿ ನಿಘಂಟು ಕೊಟ್ಟರು. ಶರಣರ ವಚನಗಳನ್ನೂ ಒಳ್ಳೆಯ ಕಾದಂಬರಿಗಳನ್ನೂ ಓದಿದವರಿಗೆ ಕೀರ್ತನೆಯ ಒಂದು ಸಾಲಿನಲ್ಲಿ ಇರುವ ನೋವು ಬೇಗ ಮುಟ್ಟುತ್ತದೆ. ಭಾಷೆಯ ರುಚಿ ಗೊತ್ತಿಲ್ಲದವರಿಗೆ ಯೆಶಾಯನೂ ಸುಮ್ನೆ ಉದ್ದದ ಪಾಠ.

ದುಡ್ಡು ಇಲ್ಲ ಅನ್ನುವವರು ಬೆಂಗಳೂರಿನ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಅದಕ್ಕಿಂತ ಒಳ್ಳೆಯದು ಸಭೆಯಲ್ಲೇ ಒಂದು ಕಪಾಟು ಮಾಡೋದು. ನಮ್ಮಲ್ಲಿ ಎರಡು ವರ್ಷದ ಹಿಂದೆ ಮೆಟ್ಟಿಲ ಕೆಳಗೆ ಒಂದು ಹಳೇ ಬೀರು ಇಟ್ಟು, ಎಲ್ಲರ ಮನೆಯಿಂದ ಒಂದೊಂದು ಪುಸ್ತಕ ತರಿಸಿದೆವು. 43 ಪುಸ್ತಕ ಬಂತು. ಬೀಗ ಬೇಡ ಅಂತ ನಿರ್ಧಾರ ಮಾಡಿದೆವು, ಯಾಕೆಂದರೆ ಬೀಗ ಇದ್ದರೆ ಕೀ ಯಾರ ಹತ್ತಿರ ಇದೆ ಅಂತ ಹುಡುಕೋದರಲ್ಲೇ ಓದುವ ಆಸೆ ಹೋಗುತ್ತದೆ. ಒಂದು ದಾರ ಕಟ್ಟಿದ ಪೆನ್ನು, ಒಂದು ರಿಜಿಸ್ಟರ್, ತೆಗೆದುಕೊಂಡವರು ಹೆಸರು ತಾರೀಖು ಬರೆಯಬೇಕು, ಅಷ್ಟೇ. ಯಾತ್ರಿಕನ ಕಥೆ ಆರು ತಿಂಗಳಿಂದ ವಾಪಸ್ ಬಂದಿಲ್ಲ. ತೆಗೆದುಕೊಂಡುಹೋದ ಅಕ್ಕನನ್ನು ಮೊನ್ನೆ ಆರಾಧನೆ ಮುಗಿದ ಮೇಲೆ ಕೇಳಿದೆ. "ನಮ್ಮ ಅತ್ತೆಗೆ ದಿನಾ ಎರಡು ಪುಟ ಓದಿ ಹೇಳ್ತಾ ಇದ್ದೀನಿ, ಇನ್ನೂ ಬೆಟ್ಟ ಹತ್ತುತ್ತಾ ಇದ್ದಾನೆ" ಅಂದರು. ನಾನು ಇನ್ನೊಂದು ಪ್ರತಿಗೆ ಹೇಳಿದ್ದೇನೆ.